ಹೀಟರ್ ಮುಂದೆ ಲೋಹ್ರಿ

ಬಲಗೈಯ ಉಕ್ಕಿನ ಕಡಗ ಗಾಜಿನ ಮೇಜಿಗೆ ತಾಗಿ ಸದ್ದಾಗಬಾರದೆಂದು ಆಂಟಿ ಅದರ ಮೇಲೆ ಹಳೆಯ ಕಾಲುಚೀಲದ ತುಂಡೊಂದನ್ನು ಎಳೆದುಕೊಂಡಿರುತ್ತಿದ್ದರು. ಬೆನ್ನಿಗೆ ವ್ಯಾಕ್ಯೂಮ್ ಯಂತ್ರ, ಬಾಯಲ್ಲಿ ಲವಂಗ. ಸಿಡ್ನಿಯ ನಾರ್ವೆಸ್ಟ್‌ನ ಆಫೀಸುಗಳಲ್ಲಿ ಬೆಳಗಿನ ಐದಕ್ಕೆ ಶುರುವಾಗುತ್ತಿದ್ದ ಕ್ಲೀನಿಂಗ್ ಶಿಫ್ಟ್‌ಗೆ ಈ ಪಂಜಾಬಿ ಆಂಟಿಯೇ ಸೂಪರ್‌ವೈಸರ್. ನಾನು ದಾವಣಗೆರೆಯಿಂದ ಓದಲು ಬಂದವಳು. ಮೊದಲ ದಿನ ನಾನು ಒರೆಸಿದ ಮೇಜನ್ನು ಬಗ್ಗಿ ನೋಡಿ, "ಇದು ಒರೆಸಿದ್ದಲ್ಲ, ಸವರಿದ್ದು" ಎಂದು ಹಿಂದಿಯಲ್ಲಿ ಹೇಳಿ ತಾವೇ ಮತ್ತೆ ಒರೆಸಿದ್ದರು. ನಾನು ಬಸುರಿ ಎಂದು ತಿಳಿದ ದಿನ ನನ್ನ ಬೆನ್ನಿನ ಯಂತ್ರ ಬಿಚ್ಚಿ ತೆಗೆದುಕೊಂಡರು.

ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ. ನನಗೆ ಬಾಣಂತನ ಅಂತ ಏನಾದರೂ ಆಗಿದ್ದರೆ ಅದು ಆಂಟಿಯಿಂದಲೇ. ವಾರಕ್ಕೊಮ್ಮೆ ಡಬ್ಬಿ ತುಂಬ ತುಪ್ಪದಲ್ಲಿ ಹುರಿದ ಗೋಧಿಹಿಟ್ಟಿನ ಪಂಜೀರಿ ತಂದುಕೊಟ್ಟು, ನಾನು ತಿನ್ನುವವರೆಗೂ ಎದುರಿಗೇ ಕೂರುತ್ತಿದ್ದರು.

ಜನವರಿಯಲ್ಲಿ ಒಂದು ದಿನ, "ಹದಿಮೂರಕ್ಕೆ ಮನೆಗೆ ಬಾ. ಮಗುವಿನ ಮೊದಲ ಲೋಹ್ರಿ," ಎಂದರು. ಅವರ ಊರಲ್ಲಿ ಕೊರೆಯುವ ಚಳಿಯ ಆ ಸಂಜೆ ಬೆಂಕಿ ಹಾಕಿ, ಸುತ್ತು ಬರುತ್ತಾ ಎಳ್ಳು, ಬೆಲ್ಲ, ಕಡಲೆಕಾಯಿ, ಜೋಳದ ಅರಳು ಎರಚುತ್ತಾರಂತೆ. ಹೊಸ ಸೊಸೆ ಬಂದ ಮನೆಯಲ್ಲಿ, ಮಗು ಹುಟ್ಟಿದ ಮನೆಯಲ್ಲಿ ಸಡಗರ ಹೆಚ್ಚಂತೆ.

"ನಮ್ಮಲ್ಲಿ ಮಾರನೇ ದಿನ ಸಂಕ್ರಾಂತಿ. ಮಕ್ಕಳ ತಲೆ ಮೇಲೆ ಎಲಚಿಹಣ್ಣು ಸುರೀತಾರೆ," ಎಂದೆ.

"ಹಾಗಾದ್ರೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಬಿಡು," ಎಂದರು.

ಇಲ್ಲಿ ಜನವರಿ ಎಂದರೆ ಕಡುಬೇಸಿಗೆ; ಅವತ್ತು ಬೆಂಕಿಯಂಥ ಗಾಳಿ. ಕಾಳ್ಗಿಚ್ಚಿನ ಭಯಕ್ಕೆ ಹೊರಗೆ ಕಡ್ಡಿ ಗೀರುವುದನ್ನೂ ಸರ್ಕಾರ ನಿಷೇಧಿಸಿತ್ತು. ಹಬ್ಬ ನಿಂತಿರುತ್ತದೆ ಎಂದುಕೊಂಡೇ ಹೋದೆವು. ನೋಡಿದರೆ ಹಾಲ್‌ನ ನಡುವೆ ಚಳಿಗಾಲದ ಎಲೆಕ್ಟ್ರಿಕ್ ಹೀಟರ್ ಕೆಂಪಗೆ ಉರಿಯುತ್ತಿತ್ತು. ಅದರ ಮುಂದೊಂದು ಸ್ಟೀಲ್ ತಟ್ಟೆ.

"ಏನೇ ಇದು, ತಮಾಷೆನಾ?" ನನ್ನ ಗಂಡ ಪಿಸುಗುಟ್ಟಿದ.

"ಗೊತ್ತಿಲ್ಲ ಕಣೋ. ನಗಬೇಡ, ಸುಮ್ನಿರು."

ಆಂಟಿಯ ಮುಖದಲ್ಲಿ ತಮಾಷೆ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಹಾಡುತ್ತಾ ಹೀಟರನ್ನು ಸುತ್ತತೊಡಗಿದರು. ತಟ್ಟೆಗೆ ಕಡಲೆಕಾಯಿ ಬೀಳುತ್ತಿತ್ತು. "ನೋಡು ಪಿಂಕಿ, ಹಾಕು ಪಿಂಕಿ," ಎನ್ನುತ್ತಿದ್ದರು. ನನ್ನ ಮಗಳ ಹೆಸರು ಪಿಂಕಿ ಅಲ್ಲ.

"ಪಿಂಕಿ ಯಾರು ಆಂಟಿ?"

"ನನ್ನ ಮಗಳು. ಮೆಲ್ಬರ್ನ್‌ನಲ್ಲಿದ್ದಾಳೆ." ಸುತ್ತು ನಿಲ್ಲಲಿಲ್ಲ. "ಲೋಹ್ರಿ ಗಂಡುಮಗುವಿಗೆ ಮಾತ್ರ ಅಂದ್ರು ನಮ್ಮತ್ತೆ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ತಮ್ಮನ ಲೋಹ್ರಿ ಫೋಟೋ ನೋಡಿ, ನಂದೆಲ್ಲಿ ಅಂತ ಕೇಳಿದಳು. ಈಗ ನನ್ನ ಹತ್ತಿರ ಮಾತೇ ಆಡಲ್ಲ."

ಬೆವರು ಇಳಿಯುತ್ತಿತ್ತು. ಇದು ಯಾರ ಹಬ್ಬ? ನನ್ನ ಮಗುವನ್ನು ಇವರು ಪ್ರೀತಿಯಿಂದ ಕರೆಸಿದರೋ, ಇನ್ನೊಂದು ಮಗುವಿನ ಜಾಗ ತುಂಬಲೋ? ಕರುಣೆಯೋ ಕೋಪವೋ ತಿಳಿಯದೆ ಕೈ ಚಾಚಿದೆ. "ಮಗು ಕೊಡಿ ಆಂಟಿ, ತುಂಬಾ ಸೆಕೆ."

ತಕ್ಷಣ ಕೊಟ್ಟರು. ಹಾಡು ಅರ್ಧಕ್ಕೇ ನಿಂತಿತು. ಬಗ್ಗಿ ಹೀಟರಿನ ಸ್ವಿಚ್ ಆರಿಸಿದರು. "ಸರಿ, ಊಟ ಮಾಡಿ," ಎಂದರು.

ಮರುವಾರವೂ ಪಂಜೀರಿ ಬಂತು. ಆ ಸಂಜೆಯ ಮಾತು ಮಾತ್ರ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಸಿಕ್ಕ ಮೇಲೆ ನಾವು ಮೆಲ್ಬರ್ನ್‌ನ ವಿಂಡಮ್ ವೇಲ್‌ಗೆ ಮನೆ ಬದಲಿಸಿದೆವು. ಮೂರನೇ ವರ್ಷ ಆಂಟಿ ಹೃದಯಾಘಾತದಿಂದ ಹೋದರೆಂದು ಫೋನ್ ಬಂತು. ಮಗಳನ್ನು ಕರೆದುಕೊಂಡು ಸಿಡ್ನಿಗೆ ಹೋದೆ. ಆಂಟಿಯ ಮನೆ ಬಾಗಿಲಲ್ಲಿ ನನ್ನದೇ ವಯಸ್ಸಿನ ಹೆಂಗಸು ನಿಂತಿದ್ದಳು.

"ಆ ಪಾಪುವಿನ ಅಮ್ಮ ನೀವೇನಾ?" ಎಂದಳು. "ನಾನು ಪಿಂಕಿ. 'ಒಂದು ಪಾಪುವನ್ನು ಎತ್ತಿಕೊಂಡು, ನಿನ್ನ ಹೆಸರು ಹೇಳಿ ನಿನ್ನ ಲೋಹ್ರಿ ಮಾಡಿದೆ' ಅಂತ ಅಮ್ಮ ಅವತ್ತು ಫೋನ್ ಮಾಡಿದ್ದರು. ಹುಚ್ಚು ಅಂತ ಫೋನ್ ಇಟ್ಟುಬಿಟ್ಟೆ. ನಿಜವಾಗಲೂ ನನ್ನ ಹೆಸರು ಹಿಡಿದು ಕರೆದ್ರಾ?"

"ಕರೆದರು. ಪ್ರತಿ ಸುತ್ತಿಗೂ."

ಅವಳು ನನ್ನ ಮಗಳನ್ನು ನೋಡುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಎಷ್ಟು ಸುತ್ತು?" ಎಂದು ಕೇಳಿದಳು.

ನಡುವೆಯೇ ನಿಲ್ಲಿಸಿದವಳು ನಾನು ಎಂದು ಹೇಳಬೇಕಿತ್ತು. "ಪೂರ್ತಿ ಮಾಡಿದರು," ಎಂದೆ. ಅವಳ ಸಮಾಧಾನಕ್ಕೆ ಹೇಳಿದೆನೋ, ನನ್ನ ನಾಚಿಕೆಗೆ ಹೇಳಿದೆನೋ, ಇವತ್ತಿಗೂ ತಿಳಿಯದು.