ಪಾಚಿ ಕೆರೆಯುವವಳ ಹಿಡಿತ

ಹೆಂಚಿನ ಮಾಡಿನ ಮೇಲೆ ನಡೆಯುವ ರೀತಿಗೆ ಊರವರು ಅವಳನ್ನು ಬೆಕ್ಕಕ್ಕ ಎನ್ನುತ್ತಿದ್ದರು. ಪಾಚಿ ಕೆರೆಯುವುದು ಅವಳ ಕಸುಬು. ಸೊಂಟದ ಹಗ್ಗವನ್ನು ತೊಲೆಗೆ ಬಿಗಿಯದೆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ.

ಅವತ್ತು ಗಂಡ ಕುಡಿದು ಬಂದ. ಬೆಳಿಗ್ಗೆ ಮನೆಯಲ್ಲಿ ಹೊಡೆದದ್ದು ಸಾಲದೆಂಬಂತೆ, ಅವಳು ಕೆಲಸಕ್ಕಿದ್ದ ಮನೆಯ ಏಣಿ ಹತ್ತಿದ.

“ನಂಗೇ ಎದುರು ಮಾತಾಡ್ತೀಯಾ?” ಎಂದು ಜಡೆ ಹಿಡಿದು ಮುಖವನ್ನು ಹೆಂಚಿಗೆ ಚಚ್ಚಿದ.

ತುಟಿ ಒಡೆದು ಬಾಯಿ ತುಂಬ ರಕ್ತ. “ಇಲ್ಲಿ ಜಾರತ್ತೆ, ಕೆಳಗಿಳೀರಿ” ಎಂದಳು.

ಅವನು ಒದೆಯಲು ಕಾಲೆತ್ತಿದ. ಊರಿದ್ದ ಇನ್ನೊಂದು ಕಾಲು ಹಸಿ ಪಾಚಿಯ ಮೇಲೆ ಸರ್ರನೆ ಜಾರಿತು. ಅಂಚು ದಾಟುವಷ್ಟರಲ್ಲಿ ಅವಳು ಬೋರಲು ಬಿದ್ದು ಅವನ ಮಣಿಕಟ್ಟು ಹಿಡಿದಳು. ಹಗ್ಗ ಸೊಂಟವನ್ನು ಕೊಯ್ಯಿತು, ಭುಜ ಲಟಕ್ಕೆಂದಿತು.

“ಬಿಡಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ!”

ಕೆಳಗೆ ಕಲ್ಲು ಚಪ್ಪಡಿ. ಬೆರಳು ಸಡಿಲಿಸುವ ಆಸೆ ಅವಳಿಗೆ ನಿಜವಾಗಿಯೂ ಬಂತು. ಆದರೂ ಮನೆಯೊಡತಿ ಓಡಿಬಂದು ಅವನ ಕಾಲಡಿಗೆ ಏಣಿ ಸರಿಸುವವರೆಗೂ ಹಲ್ಲು ಕಚ್ಚಿ ಹಿಡಿದಳು.

ನೆಲ ಮುಟ್ಟಿದವನು ಕೈ ಮುಗಿದ. ಅವಳು ರಕ್ತ ಉಗಿದಳು.

“ನಿನ್ನನ್ನ ಕೊಂದು ಜೈಲಿಗೆ ಯಾಕೆ ಹೋಗ್ಲಿ? ಆದ್ರೆ ಇನ್ಮೇಲೆ ಮನೆ ಹೊಸಿಲು ತುಳಿದ್ರೆ, ಈ ಕೆರೆಯೋ ಕತ್ತಿಗೆ ಕಣ್ಣಿಲ್ಲ ನೋಡು.”

ಮದುವೆಯಾದಾಗಿನಿಂದ ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿಕೊಂಡು ತನ್ನ ತಂಗಿಯ ಮನೆಯ ದಾರಿ ಹಿಡಿದ.