ಬಂಡೆಗೆ ಒಂದು ಬಾಟಲಿ ನೀರು

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಹುಸ್ನಾಳದು ನೀರು ಹಾಕುವ ಕೆಲಸ. ಗಿರಾಕಿ ಬಂದರೆ ಕಲ್ಲಿನ ಮೇಲೆ ಚೊಂಬು ನೀರು ಸುರಿಯಬೇಕು. ಒದ್ದೆಯಾದ ಮೇಲೆಯೇ ಅದರ ನಿಜವಾದ ಬಣ್ಣ ಕಾಣುವುದು. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಸೂರ್ಯ ಮುಳುಗಿ, ಕತ್ತಲಾಗುವ ಮುಂಚೆ ಎಲ್ಲವೂ ನೀಲಿಯಾಗುವ ಸ್ವಲ್ಪ ಹೊತ್ತು ಮಾತ್ರ ಅವಳ ಸ್ವಂತದ್ದು. ಆಗ ಊರ ಹೊರಗಿನ ಬಂಡೆ ಬಯಲಿಗೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾಳೆ.

ಆ ಫೋಟೊಗಳನ್ನು ಪ್ರಿಂಟ್ ಹಾಕಿಕೊಡುವ ಸ್ಟುಡಿಯೊ ನನ್ನದು. ನನ್ನ ದೊಡ್ಡ ಕ್ಯಾಮೆರಾಕ್ಕೆ ಸಿಗದ ನೀಲಿ ಅವಳ ಮೊಬೈಲಿಗೆ ಹೇಗೆ ಸಿಗುತ್ತದೆ ಎಂಬ ಹೊಟ್ಟೆಕಿಚ್ಚಿಗೆ ಒಂದು ಸಂಜೆ ನಾನೂ ಹೋದೆ. ರಂಜಾನ್ ತಿಂಗಳು; ಹುಸ್ನಾಳಿಗೆ ರೋಜಾ, ಹಗಲೆಲ್ಲ ಉಪವಾಸ. ಮಸೀದಿಯ ಬಾಂಗು ಕೇಳಿಸಿತು. ಹುಸ್ನಾ ಖರ್ಜೂರ ಬಾಯಿಗಿಟ್ಟು, ಬಾಟಲಿಯಿಂದ ಒಂದೇ ಗುಟುಕು ನೀರು ಕುಡಿದು, ಅಲ್ಲೇ ನಮಾಜು ಮುಗಿಸಿದಳು.

ಬಾನು ನೀಲಿಯಾಯಿತು. ನಾನು ಹತ್ತಾರು ಫೋಟೊ ಹೊಡೆದೆ. ಎಲ್ಲದರಲ್ಲೂ ಬಂಡೆ ಬರೀ ಬೂದು.

“ಈ ಕ್ಯಾಮೆರಾಕ್ಕ ಬೆಂಕಿ ಹತ್ಲಿ,” ಎಂದೆ.

“ಕ್ಯಾಮೆರಾಕ್ಕ ಯಾಕ ಬೈಯಾಕತ್ತೀರಿ ಅಣ್ಣಾರೆ? ಒಣ ಕಲ್ಲು ಬಣ್ಣ ತೋರ್ಸಂಗಿಲ್ರಿ. ಜರಾ ಸರೀರಿ,” ಎಂದು ಹುಸ್ನಾ ಬಾಟಲಿಯಲ್ಲಿ ಉಳಿದಿದ್ದ ನೀರನ್ನೆಲ್ಲ ಬಂಡೆಯ ಮೇಲೆ ಸುರಿದಳು. ಒದ್ದೆಯಾದಷ್ಟು ಜಾಗ ಬಾನಿನಷ್ಟೇ ನೀಲಿಯಾಯಿತು.

“ದಿನಪೂರ್ತಿ ಹನಿ ನೀರು ಕುಡಿದಿಲ್ಲ. ಇದ್ದದ್ದೂ ಚೆಲ್ಲಿಬಿಟ್ಟಿ ಅಲ್ಲವಾ ತಂಗಿ!”

ಅವಳು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

“ಈ ಕಲ್ಲೂ ಮುಂಜಾನಿಂದ ರೋಜಾ ಇತ್ತಲ್ರಿ.”