ದೊಡ್ಡತಾಯಮ್ಮ ಕೇಳದೆ ಬಿಟ್ಟಿದ್ದು

ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತೂ ಅಷ್ಟಕ್ಕಷ್ಟೆ. ತಪ್ಪಿದ್ದರೆ ಮನ್ನಿಸಿ. ಇದು ನಮ್ಮಜ್ಜಿ ದೊಡ್ಡತಾಯಮ್ಮನ ವಿಷಯ.

ದೊಡ್ಡತಾಯಮ್ಮ ಹಸು ಕೊಳ್ಳಬೇಕಾದರೂ ಮಾರಮ್ಮನ ಗುಡಿಗೆ ಹೋಗಿ ಹೂ ಕೇಳುವವಳು. ದೇವರ ಮೈಮೇಲಿನ ಹೂ ಬಲಗಡೆ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಬಲಗಡೆ ಬಿದ್ದ ಮೇಲೆ ಮತ್ತೆ ಕೇಳುವಂತಿಲ್ಲ.

ಒಂದು ವರ್ಷ ಸೊಸೆ ಪವಿತ್ರಳ, ಅಂದರೆ ನಮ್ಮವ್ವನ, ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಮೈಸೂರಿನ ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕೆಂದರು. ಅವ್ವನಿಗೆ ಸೂಜಿಯೆಂದರೆ ಭಯ. ವಾಪಸು ಬರುವಾಗ ನಮ್ಮೂರ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು, ಗಂಟಿನ ವಿಷಯ ಕಂಪ್ಯೂಟರಿನಲ್ಲಿ ಹುಡುಕಿಸಲು ಅತ್ತೆ ಸೊಸೆ ಇಬ್ಬರೂ ಕನಕರಾಜುವಿನ ಸೈಬರ್ ಸೆಂಟರಿಗೆ ಹೋದರು.

"ಮುಂಚೆ ಏನು ಹುಡುಕಿದರೂ ರಾಶಿ ರಾಶಿ ಸುರೀತಿತ್ತು ಕಣಜ್ಜಿ," ಎಂದ ಕನಕರಾಜು. "ಈಗ ಬೇರೆ ಒಂದು ಬಂದದೆ. ಸಿಕ್ಕಿದ್ದನ್ನೆಲ್ಲ ಗುಂಪು ಮಾಡಿ, ಒಂದೊಂದು ಗುಂಪಿಗೂ ಎರಡು ಸಾಲಲ್ಲಿ ಸಾರಾಂಶ ಕೊಡ್ತದೆ."

"ಮೈಮೇಲೆ ದೇವರು ಬಂದಾಗ ಎರಡೇ ಮಾತಲ್ಲಿ ಹೇಳೋ ನಮ್ಮ ಗುಡಿ ಗುಡ್ಡಪ್ಪನಂಗೆ ಅನ್ನು. ಅವನಿಗಾದ್ರೆ ಕೋಳಿ ಬೇಕು."

"ನಂಗೆ ಟೀ ಸಾಕು ಬುಡಿ."

ಅವ್ವನೂ ನಕ್ಕಳು. ಕನಕರಾಜು ಮೊದಲ ಗುಂಪಿನ ಸಾರಾಂಶವನ್ನು ಕನ್ನಡದಲ್ಲಿ ಹೇಳಿದ: ಇಂಥ ಗಂಟುಗಳಲ್ಲಿ ಹೆಚ್ಚಿನವಕ್ಕೆ ಅಪಾಯವಿಲ್ಲ.

ದೊಡ್ಡತಾಯಮ್ಮ ಅವನ ಕೈ ಹಿಡಿದುಬಿಟ್ಟಳು. "ಸಾಕು ಕಣಪ್ಪ. ಬಲಕ್ಕೆ ಬಿತ್ತು."

"ಅಜ್ಜಿ, ಕೆಳಗೆ ಇನ್ನೂ ಗುಂಪು ಅವೆ. ಓದ್ತೀನಿ ತಡೀರಿ."

"ಎರಡನೇ ಸಲ ಕೇಳಿದ್ರೆ ಕೊಟ್ಟಿದ್ದನ್ನೂ ಕಿತ್ಕೊಳ್ತದೆ. ಮುಚ್ಚು ಅದ."

ಅವಳಿಗೆ ಎದುರಾಡಲಾರದೆ ಅವನು ಮುಚ್ಚಿದ. ಅವ್ವನ ಮುಖ ಎಷ್ಟೋ ದಿನದ ಮೇಲೆ ಹಗುರಾಗಿತ್ತು. ದಾರಿಯಲ್ಲಿ ಮಲ್ಲಿಗೆ ಕೊಂಡು ಅತ್ತೆಗೂ ಮುಡಿಸಿದಳು. ಆಸ್ಪತ್ರೆಯ ಮಾತು ಅಲ್ಲಿಗೇ ನಿಂತಿತು.

ಯುಗಾದಿ ಹೊತ್ತಿಗೆ ಅವ್ವನಿಗೆ ಮುದ್ದೆ ನುಂಗಲಾಗುತ್ತಿರಲಿಲ್ಲ. ಮತ್ತೆ ಮೈಸೂರಿಗೆ ಕರೆದೊಯ್ದಾಗ, ತಡವಾಯಿತು ಎಂದರು. ಆ ಮಳೆಗಾಲ ಹೊಗೆಸೊಪ್ಪು ಮುರಿಯುವ ಹೊತ್ತಿಗೆ ಅವ್ವ ಇರಲಿಲ್ಲ.

ದೊಡ್ಡತಾಯಮ್ಮನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ಅಳುತ್ತಿದ್ದಳೇನೋ. ಗುಡಿ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ, "ನನ್ನ ಕೇಳಬ್ಯಾಡ" ಎನ್ನುತ್ತಾಳೆ.

ಈ ದಿನ ಸಂಜೆ ಒಲೆ ಮುಂದೆ ಕೂತಿದ್ದವಳು ತಾನೇ ನನ್ನ ಹತ್ತಿರ ಮಾತೆತ್ತಿದಳು. "ಆ ಹುಡುಗ ಕೆಳಗೆ ಇನ್ನೂ ಅವೆ ಅಂದ್ನಲ್ಲ, ಅದರಲ್ಲಿ ಏನಿತ್ತವ್ವ?"

"ಈಗ್ಯಾಕಜ್ಜಿ?"

"ಅವತ್ತು ಕೇಳ್ಲಿಲ್ವಲ್ಲ. ಈಗ್ಲಾದ್ರೂ ಕೇಳ್ಬೇಕು. ಏನಾದ್ರೂ ಇರ್ಲಿ, ಒಂದೂ ಬುಡದಂಗೆ ಹೇಳು."

ನಾಳೆ ಬೆಳಿಗ್ಗೆ ಹ್ಯಾಂಡ್‌ಪೋಸ್ಟಿಗೆ ಹೋಗಿ, ಕನಕರಾಜಣ್ಣನ ಹತ್ತಿರ ಅದನ್ನೇ ಮತ್ತೆ ಹುಡುಕಿಸಿ, ಉಳಿದ ಗುಂಪುಗಳನ್ನೆಲ್ಲ ಓದಿಸಿಕೊಂಡು ಬಂದು, ಅಜ್ಜಿಗೆ ಹೇಳುತ್ತೇನೆ.